ಮಂಕಾಗಿದ್ದು ಉಣ್ಣೆಯೋ, ಕಣ್ಣೋ, ಆ ವರ್ಷಗಳೋ?

"ಬಾಲ್ಯ ಪೂರ್ತಿ ಹಸಿರು ಮೇಡಂ. ಕೆಲಸಕ್ಕೆ ಸೇರಿದ ಮೇಲೆ ಎಲ್ಲ ಬೂದು." ಆಪ್ತಸಲಹೆಯ ಕೋಣೆಯಲ್ಲಿ ಈ ಥರದ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವವರ ವಯಸ್ಸು ಬೇರೆ, ಕಷ್ಟ ಬೇರೆ. ಆದರೆ ಬದುಕನ್ನು ನಾಲ್ಕೈದು ತುಂಡು ಮಾಡಿ ಒಂದೊಂದಕ್ಕೆ ಒಂದು ಬಣ್ಣ ಹೇಳುವುದು ಎಲ್ಲರಿಗೂ ಸಲೀಸು. ನಿಮ್ಮನ್ನು ಕೇಳಿದರೂ ತಟ್ಟನೆ ಹೇಳುತ್ತೀರಿ, ಅಲ್ವಾ?

ಬಣ್ಣ ಹೇಳುವುದರ ಬಗ್ಗೆ ನನಗೆ ತಕರಾರಿಲ್ಲ. ಎಷ್ಟೋ ಸಲ ಅದೇ ಮಾತಿಗೆ ದಾರಿ ಮಾಡಿಕೊಡುತ್ತದೆ. ನನ್ನ ತಕರಾರು ಆಮೇಲಿನದ್ದು. "ಹತ್ತು ವರ್ಷ ಬೂದು" ಅಂತ ಒಮ್ಮೆ ಬಾಯಿಂದ ಬಂದ ಮೇಲೆ ಜನ ಅದನ್ನೇ ತೀರ್ಪು ಮಾಡಿಕೊಳ್ಳುತ್ತಾರೆ. ಆ ತೀರ್ಪು ನಂಬಿ ಕೆಲಸ ಬಿಡುತ್ತಾರೆ, ಮಾತು ಬಿಡುತ್ತಾರೆ, ಪತ್ರ ಹರಿಯುತ್ತಾರೆ. ಅಂಥ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಹೆಸರು ಬೇಡ, ಕೋಣೆಯಲ್ಲಿ ಕರೆಯುತ್ತಿದ್ದ ಹಾಗೆ ಅಮ್ಮ ಅಂತಲೇ ಬರೆಯುತ್ತೇನೆ.

ಅಮ್ಮನಿಗೆ ಎಪ್ಪತ್ತರ ಹತ್ತಿರ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡು ವರ್ಷದ ಮೇಲಾಗಿತ್ತು. ಕರೆದುಕೊಂಡು ಬಂದಿದ್ದು ಮಗಳು. "ಅಮ್ಮ ಇತ್ತೀಚೆಗೆ ವಿಚಿತ್ರವಾಗಿ ಮಾತಾಡ್ತಾರೆ, ಮರೆವಿನ ಕಾಯಿಲೆ ಶುರುವಾಯ್ತೇನೋ ಅಂತ ಭಯ" ಅಂದರು. ಏನು ವಿಚಿತ್ರ ಅಂದರೆ, ಒಂದು ದಿನ ಇದ್ದಕ್ಕಿದ್ದಂತೆ "ನಿಮ್ಮಪ್ಪನ ಜೊತೆ ನಾನು ಒಂದು ದಿನಾನೂ ಚೆನ್ನಾಗಿರಲಿಲ್ಲ" ಅಂದಿದ್ದರಂತೆ. ಮಗಳು ಕಂಡ ಅಪ್ಪ ಅಮ್ಮ ಹಾಗಿರಲಿಲ್ಲ. ಅವರಿಗೆ ಸಿಡಿಲು ಬಡಿದಂತಾಗಿತ್ತು.

ಈ ಮಾತಿನ ಹಿಂದೆ ಒಂದು ಪೆಟ್ಟಿಗೆ ಇತ್ತು.

ಅಮ್ಮ ಜೀವನಪೂರ್ತಿ ಸ್ವೆಟರ್ ಹೆಣೆದವರು. ಪ್ರತಿ ಸ್ವೆಟರ್ ಮುಗಿದಾಗ ಮಿಕ್ಕ ಉಣ್ಣೆಯನ್ನು ಎಸೆಯದೆ ಸಣ್ಣ ಉಂಡೆ ಸುತ್ತಿ, ಒಂದು ಚೀಟಿ ಕಟ್ಟಿ ಇಡುತ್ತಿದ್ದರು. ಚೀಟಿಯಲ್ಲಿ ಯಾರಿಗೆ, ಯಾವ ವರ್ಷ ಅಂತ ಬರೆದಿರುತ್ತಿತ್ತು. ಲೆಕ್ಕದ ಕೆಲಸದವರಲ್ವಾ, ಅಚ್ಚುಕಟ್ಟು. ಗಂಡ ಹೋದ ಮೇಲೆ ಒಂದು ಮಧ್ಯಾಹ್ನ ಆ ಪೆಟ್ಟಿಗೆ ತೆಗೆದು ನೋಡಿದ್ದಾರೆ. ಹಸುಗೂಸಿಗೆ ಹೆಣೆದ ಬಿಳಿ ಉಣ್ಣೆ ಹಳದಿ ಕಂಡಿತು. ಮಗಳ ಶಾಲೆಯ ಸ್ವೆಟರಿನ ಆಕಾಶ ನೀಲಿ ಕೊಳೆತ ಎಲೆಯ ಥರ ಕಂಡಿತು. ಗಂಡನಿಗೆ ಹೆಣೆದ ಕಡು ನೀಲಿ ಶುದ್ಧ ಕಪ್ಪು. ಅವರ ನೆನಪಿನಲ್ಲಿದ್ದ ಬಣ್ಣಕ್ಕೂ ಕೈಯಲ್ಲಿದ್ದ ಬಣ್ಣಕ್ಕೂ ಸಂಬಂಧವೇ ಇರಲಿಲ್ಲ.

"ಆವತ್ತು ಗೊತ್ತಾಯ್ತು ಮೇಡಂ" ಅಂದರು ಮೊದಲ ಭೇಟಿಯಲ್ಲಿ. "ಎಲ್ಲ ಮೊದಲಿಂದಲೂ ಹೀಗೇ ಇತ್ತು. ಚೆನ್ನಾಗಿತ್ತು ಅಂತ ನಾನೇ ಅಂದ್ಕೊಂಡಿದ್ದೆ. ನಲವತ್ತು ವರ್ಷ ನನಗೆ ನಾನೇ ಸುಳ್ಳು ಹೇಳ್ಕೊಂಡಿದೀನಿ." ಪೆಟ್ಟಿಗೆಯನ್ನು ಸುಟ್ಟುಹಾಕಬೇಕು ಅಂತ ತೀರ್ಮಾನ ಮಾಡಿದ್ದರು. ಮಗಳು ಅದನ್ನು ತನ್ನ ಮನೆಗೆ ತಂದು ಬಚ್ಚಿಟ್ಟಿದ್ದರು.

ಮಗಳು ನನ್ನಲ್ಲಿಗೆ ಬರುವ ಮೊದಲೇ ಮೊಬೈಲಿನಲ್ಲಿ ಒಂದು ಬಣ್ಣದ ಪರೀಕ್ಷೆ ಮಾಡಿಸಿದ್ದರು. ಅಮ್ಮ ಆರಿಸಿದ್ದು ಕಂದು ಮತ್ತು ಬೂದು. ಉತ್ತರ ಬಂದಿತ್ತು: ಆಸೆ ಕಳೆದುಕೊಂಡಿದ್ದೀರಿ, ಹಳೆಯದಕ್ಕೆ ಅಂಟಿಕೊಂಡಿದ್ದೀರಿ, ಹಳದಿ ಹೆಚ್ಚು ಬಳಸಿ. ಅದನ್ನು ತೋರಿಸಿ "ನೋಡಿ, ಎಷ್ಟು ಕರೆಕ್ಟಾಗಿದೆ" ಅಂದರು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಬಣ್ಣ ಆರಿಸಿ ಮನಸ್ಸು ಓದುವ ಪರೀಕ್ಷೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಲೂಷರ್ ಅಂಥ ಒಂದು ಪರೀಕ್ಷೆಯನ್ನು 1947ರಲ್ಲೇ ತಂದಿದ್ದರು. ಅದರ ಚಿಕ್ಕ ರೂಪದಲ್ಲಿ 8 ಬಣ್ಣದ ಕಾರ್ಡುಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸಬೇಕು. ಜನಪ್ರಿಯವಾಯಿತು ನಿಜ. ಆದರೆ ಒಬ್ಬರ ವ್ಯಕ್ತಿತ್ವ ಹೇಳುವಷ್ಟು, ಕಾಯಿಲೆ ಪತ್ತೆ ಹಚ್ಚುವಷ್ಟು ಅದಕ್ಕೆ ಸಂಶೋಧನೆಯ ಬಲ ಸಿಗಲಿಲ್ಲ. ಹಾಗಾದರೆ "ಕರೆಕ್ಟು" ಅಂತ ಯಾಕೆ ಅನ್ನಿಸುತ್ತದೆ? ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, "ಇದು ನಿಮ್ಮದೇ ವರದಿ" ಅಂತ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಬರಹ! ಅದನ್ನು ಅವರು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದರು. ಗಂಡನನ್ನು ಕಳೆದುಕೊಂಡ ಎಪ್ಪತ್ತರ ಹೆಂಗಸಿಗೆ "ಹಳೆಯದಕ್ಕೆ ಅಂಟಿಕೊಂಡಿದ್ದೀರಿ" ಅನ್ನಲು ಬಣ್ಣದ ಕಾರ್ಡು ಬೇಕೇ?

ನಾನು ಬಣ್ಣಗಳಿಗೆ ಅರ್ಥ ಹೇಳುವುದಿಲ್ಲ. ಕೆಂಪು ಅಂದರೆ ಸಿಟ್ಟು, ಕಪ್ಪು ಅಂದರೆ ದುಃಖ, ಬಿಳಿ ಅಂದರೆ ಶಾಂತಿ, ಇದನ್ನು ಯಾರ ಮೇಲೂ ಹೇರುವುದಿಲ್ಲ. ನೆನಪಿನಲ್ಲಿ ಸುಮ್ನೆ ಕೆಂಪು ಅಂತ ಒಂದು ಇರುವುದಿಲ್ಲ. ಕೆಂಪು ಸೈಕಲ್ ಇರುತ್ತದೆ, ಆಸ್ಪತ್ರೆಯ ಬಾಗಿಲ ಮೇಲಿನ ಕೆಂಪು ದೀಪ ಇರುತ್ತದೆ. ಎರಡೂ ಒಬ್ಬರದೇ ಬದುಕಿನಲ್ಲಿ ಇರಬಹುದು. ಆದ್ದರಿಂದ ಯಾರಾದರೂ ಬಣ್ಣ ಹೇಳಿದರೆ ನಾನು ಕೇಳುವುದು, ಅದು ಯಾವ ವಸ್ತುವಿನ ಮೇಲಿತ್ತು, ಯಾರದ್ದು, ಆಗ ನಿಮಗೆ ಎಷ್ಟು ವಯಸ್ಸು, ಅಷ್ಟೇ.

ಅಮ್ಮನಿಗೂ ಅದನ್ನೇ ಕೇಳಿದೆ. ಅವರ ಉತ್ತರಗಳಲ್ಲಿ ಒಂದು ವಿಷಯ ಎದ್ದು ಕಂಡಿತು. ಮಂಕಾಗಿದೆ ಅಂತ ಅವರು ಹೇಳಿದ್ದೆಲ್ಲ ನೀಲಿ, ಬಿಳಿ, ನೇರಳೆ. ಕೆಂಪು ಮತ್ತು ಕಿತ್ತಳೆ ಉಂಡೆಗಳ ಬಗ್ಗೆ ದೂರೇ ಇರಲಿಲ್ಲ. ದುಃಖ ಹೀಗೆ ನೀಲಿಯನ್ನು ಮಾತ್ರ ಹುಡುಕಿ ಹಿಡಿಯುವುದಿಲ್ಲ. ರಾತ್ರಿ ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆಯುತ್ತದೆಯೇ ಅಂದೆ. ಹೌದು ಅಂದರು. ಕಪ್ಪು ಕಾಲುಚೀಲ, ಕಡು ನೀಲಿ ಕಾಲುಚೀಲ ಅದಲುಬದಲು ಆಗುತ್ತದೆಯೇ? "ಮಗಳು ಅದಕ್ಕೇ ನಗ್ತಾ ಇರ್ತಾಳೆ." ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ ಅಂದೆ.

ಇದನ್ನು ಒಬ್ಬ ಸಹೋದ್ಯೋಗಿಗೆ ಹೇಳಿದಾಗ ಅವರಿಗೆ ಹಿಡಿಸಲಿಲ್ಲ. "ಅಳೋಕೆ ಬಂದವರನ್ನ ಕಣ್ಣಿನ ಪರೀಕ್ಷೆಗೆ ಕಳಿಸಿದ್ರಾ?" ಅಂದರು. ಕಳಿಸಿದೆ, ಇನ್ನು ಮುಂದೆಯೂ ಕಳಿಸುತ್ತೇನೆ. ವಯಸ್ಸಾದಂತೆ ಕಣ್ಣಿನೊಳಗಿನ ಲೆನ್ಸ್ ಹಳದಿಗೆ ತಿರುಗುತ್ತದೆ. ಪೊರೆ ಬೆಳೆದಾಗ ಇನ್ನೂ ಜಾಸ್ತಿ. ಹಳದಿಯಾದ ಲೆನ್ಸ್ ನೀಲಿ ಕಡೆಯ ಬೆಳಕನ್ನು ಹೀರಿಕೊಳ್ಳುತ್ತದೆ, ಒಳಗೆ ಬಿಡುವುದು ಕಡಿಮೆ. ಕಡು ನೀಲಿ ಕಪ್ಪಾಗಿ ಕಾಣುತ್ತದೆ, ಬಿಳಿಯ ಮೇಲೆ ಹಳದಿ ಕೂರುತ್ತದೆ. ಇದು ಎಷ್ಟು ನಿಧಾನ ಅಂದರೆ, ಆ ಮನುಷ್ಯನಿಗೆ ತನ್ನ ಕಣ್ಣು ಬದಲಾಗಿದೆ ಅಂತ ಅನ್ನಿಸುವುದೇ ಇಲ್ಲ. ಜಗತ್ತೇ ಹಾಗಿದೆ ಅನ್ನಿಸುತ್ತದೆ. ಚಿತ್ರಕಾರ ಕ್ಲಾಡ್ ಮೋನೆ ಅವರಿಗೆ ಇದೇ ಆಗಿತ್ತು. ಪೊರೆ ಇದೆ ಅಂತ ಗೊತ್ತಾದ ಮೇಲೂ ವರ್ಷಗಟ್ಟಲೆ ಮುಂದೂಡಿ, 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬಣ್ಣವೇ ಬದುಕಾಗಿದ್ದ ಮನುಷ್ಯನೇ ಕಣ್ಣಿನ ಜೊತೆ ಇಷ್ಟು ಗುದ್ದಾಡಿದ ಮೇಲೆ ಉಳಿದವರ ಪಾಡೇನು?

ಕಣ್ಣಿನ ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಚೆನ್ನಾಗಿ ಬಲಿತಿದೆ ಅಂದರು. ಒಂದು ಕಣ್ಣಿಗೆ ಈಗ, ಇನ್ನೊಂದಕ್ಕೆ ಕೆಲವು ವಾರ ಬಿಟ್ಟು ಅಂತ ನಿರ್ಧಾರವಾಯಿತು. ಈ ನಡುವಿನ ಸಮಯದಲ್ಲಿ ಒಂದು ಭೇಟಿ ಇಟ್ಟುಕೊಳ್ಳೋಣ, ಪೆಟ್ಟಿಗೆ ತನ್ನಿ ಅಂದೆ. ಹಾಗೆ ಹೇಳಿದ್ದು ಬೇಕೆಂದೇ.

ಆ ದಿನ ಅಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ನನಗೆ ಮಾತಾಡಲೂ ಬಿಡದೆ, ಆಕಾಶ ನೀಲಿ ಉಂಡೆಯನ್ನು ಎತ್ತಿಕೊಂಡರು. ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಇನ್ನೊಂದು ಮುಚ್ಚಿ ನೋಡಿದರು. ಮತ್ತೆ ಮೊದಲಿನಂತೆ.

"ಈ ಕಣ್ಣಿಗೆ ನೀಲಿ. ಈ ಕಣ್ಣಿಗೆ ಕೊಳಕು" ಅಂದರು.

"ಮನೇಲೂ ನೋಡಿದ್ರಾ?"

"ಎಲ್ಲಾನೂ ನೋಡಿದೀನಿ. ಗೋಡೆ, ಹಾಸಿಗೆ, ಕ್ಯಾಲೆಂಡರು. ಹುಡುಗರ ಥರ ಕಣ್ಣು ಮುಚ್ಚಿ ಬಿಟ್ಟು ಮಾಡ್ತಾ ಇರ್ತೀನಿ. ಉಣ್ಣೆ ಒಂದೇ ಅಲ್ವಾ ಮೇಡಂ. ಉಣ್ಣೆಗೇನೂ ಆಗಿಲ್ಲ."

ಪಕ್ಕದಲ್ಲಿ ಕೂತಿದ್ದ ಮಗಳ ಮುಖ ಅರಳಿತು. ಅವರಿಗೆ ಅಲ್ಲಿಗೆ ಕಥೆ ಮುಗಿದಿತ್ತು. "ನೋಡಮ್ಮ, ಕಣ್ಣಿನ ತೊಂದರೆ ಅಷ್ಟೇ. ಅಪ್ಪ, ನೀನು, ಎಲ್ಲ ಚೆನ್ನಾಗೇ ಇತ್ತು" ಅಂದರು. ಇನ್ನೊಂದು ಕಣ್ಣಿಗೂ ಆಪರೇಷನ್ ಆದರೆ ನಲವತ್ತು ವರ್ಷ ಪೂರ್ತಿ ಸರಿಹೋಗುತ್ತದೆ ಅನ್ನುವ ಧಾಟಿ.

ಅಮ್ಮ ಏನೂ ಅನ್ನಲಿಲ್ಲ. ಪೆಟ್ಟಿಗೆಯ ತಳದಿಂದ ಗಂಡನ ಸ್ವೆಟರಿನ ಉಂಡೆ ತೆಗೆದರು. ಹೊಸ ಕಣ್ಣಿನಿಂದ ನೋಡಿದರು. ಆ ಒಂದು ಉಂಡೆಯನ್ನು ಮಾತ್ರ ಹಳೆಯ ಕಣ್ಣಿನಿಂದ ನೋಡಲಿಲ್ಲ.

"ಇದೂ ನೀಲಿಯೇ. ಗೊತ್ತು. ನಾನೇ ಆರಿಸಿ ತಂದಿದ್ದು." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ಬಣ್ಣ ವಾಪಸ್ ಬಂತು ಮೇಡಂ. ಸಿಟ್ಟು ಹೋಗಿಲ್ಲ."

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಮಗಳು ಏನೋ ಹೇಳಲು ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ಸಾಮಾನ್ಯವಾಗಿ ನಾನು ಹಾಗೆ ಮಾಡುವವಳಲ್ಲ. ಆದರೆ ಆ ಹೊತ್ತಿಗೆ ಅಪ್ಪನ ಪರವಾಗಿ ಒಂದೇ ಒಂದು ಒಳ್ಳೆಯ ಮಾತು ಬಿದ್ದಿದ್ದರೂ ಅಮ್ಮ ಪೆಟ್ಟಿಗೆ ಮುಚ್ಚಿ ಎದ್ದುಬಿಡುತ್ತಿದ್ದರು.

ಅಮ್ಮ ಹೇಳಿದ್ದು ಇಷ್ಟು. ಮಕ್ಕಳು ಚಿಕ್ಕವರಿದ್ದಾಗ ಗಂಡ ಒಂದು ವರ್ಷ ಬೇರೆ ಊರಿಗೆ ಕೆಲಸಕ್ಕೆ ಹೋದರು. ಹೋಗುವ ನಿರ್ಧಾರ ಮಾಡಿ, ಎಲ್ಲ ಒಪ್ಪಿಕೊಂಡು ಬಂದ ಮೇಲೆ ಹೆಂಡತಿಗೆ ಹೇಳಿದರು. ಆ ವರ್ಷ ಪತ್ರ ಬಂದದ್ದು ಕಡಿಮೆ. ಅಮ್ಮ ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಸ್ವೆಟರ್ ಹೆಣೆದು ಅಂಚೆಯಲ್ಲಿ ಕಳಿಸಿದರು. ವರ್ಷ ಕಳೆದು ಗಂಡ ವಾಪಸ್ ಬಂದಾಗ ಸಾಮಾನಿನಲ್ಲಿ ಸ್ವೆಟರೂ ಬಂತು. "ನಾನು ಹೇಗೆ ಮಡಿಸಿ ಕಳಿಸಿದ್ದೆನೋ ಆ ಮಡಿಕೆ ಹಾಗೇ ಇತ್ತು."

"ಅವರನ್ನ ಕೇಳಿದ್ರಾ?"

"ಇಲ್ಲ. ಆಮೇಲೆ ಅವರು ಒಳ್ಳೆಯವರಾಗೇ ಇದ್ರು ಮೇಡಂ. ಅದೇ ತೊಂದರೆ. ಕೆಟ್ಟವರಾಗಿದ್ದಿದ್ರೆ ಯಾರ ಹತ್ರಾನಾದ್ರೂ ಹೇಳ್ಕೋಬಹುದಿತ್ತು."

ಆ ಸ್ವೆಟರಿನ ಕಥೆ ಮಗಳಿಗೆ ಮೊದಲ ಸಲ ಕಿವಿಗೆ ಬಿದ್ದದ್ದು ಅಲ್ಲೇ. ತಡೆದುಕೊಳ್ಳಲಾಗದೆ ಮೊಬೈಲ್ ತೆಗೆದು ಹಳೆಯ ಆಲ್ಬಮ್ಮಿನ ಒಂದು ಫೋಟೋ ತೋರಿಸಿದರು. ಅದರಲ್ಲಿ ಅವರ ಅಪ್ಪ ಒಂದು ಸ್ವೆಟರ್ ಹಾಕಿಕೊಂಡಿದ್ದಾರೆ. "ಇದೇ ಅಲ್ವಾಮ್ಮ? ಅಪ್ಪ ಹಾಕ್ಕೊಂಡಿದ್ರು." ಅಮ್ಮ ನೋಡಿ "ಇದು ಮೆರೂನ್. ಇದನ್ನ ಆಮೇಲೆ ಹೆಣೆದಿದ್ದು" ಅಂದರು. ಮಗಳು "ಫೋಟೋ ಕೆಂಪಾಗಿದೆಯಮ್ಮ, ನನ್ನ ಮುಖಾನೂ ಕೆಂಪಾಗಿದೆ ನೋಡು" ಅಂದರು. ಅದೂ ಸುಳ್ಳಲ್ಲ. ಆ ಕಾಲದ ಬಹಳಷ್ಟು ಕಲರ್ ಪ್ರಿಂಟ್‌ಗಳಲ್ಲಿ ಸಯಾನ್ ಅನ್ನುವ ನೀಲಿ ಕಡೆಯ ಬಣ್ಣ ಕತ್ತಲೆಯಲ್ಲಿ ಇಟ್ಟರೂ ಬೇಗ ಮಾಸುತ್ತದೆ. ಉಳಿದ ಕೆಂಪು ಎದ್ದು ಕಾಣುತ್ತದೆ. ಕಡು ನೀಲಿ ಸ್ವೆಟರ್ ಅಂಥ ಫೋಟೋದಲ್ಲಿ ಮೆರೂನ್ ಥರ ಕಾಣಬಹುದು. ನಿಜವಾದ ಮೆರೂನ್ ಕೂಡ ಮೆರೂನಾಗೇ ಕಾಣುತ್ತದೆ.

ಇಬ್ಬರೂ ನನ್ನ ಮುಖ ನೋಡಿದರು. ನಾನು ತೀರ್ಪು ಕೊಡಲಿಲ್ಲ. ಅಪ್ಪ ಸ್ವೆಟರ್ ಹಾಕಿಕೊಂಡಿದ್ದರೋ ಇಲ್ಲವೋ ಎಂಬುದನ್ನು ಆಲ್ಬಮ್ಮಿನಿಂದ ಸಾಬೀತು ಮಾಡಿ ಏನಾಗಬೇಕು? ಮಡಿಕೆ ಬಿಚ್ಚದ ಸ್ವೆಟರ್ ನೋಡಿದ ದಿನ ಅಮ್ಮನಿಗೆ ಆದ ನೋವು ಆ ಫೋಟೋದಿಂದ ಹಿಂದಕ್ಕೆ ಹೋಗುವುದಿಲ್ಲ. ಮಗಳಿಗೆ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: "ನಿಮ್ಮಪ್ಪನ ವಕಾಲತ್ತು ಇಲ್ಲಿ ಬೇಡ. ಅವರ ಮೇಲೆ ಯಾರೂ ಕೇಸು ಹಾಕಿಲ್ಲ. ಅಮ್ಮ ಒಂದು ವರ್ಷದ ಬಗ್ಗೆ ಹೇಳ್ತಾ ಇದಾರೆ. ಅದನ್ನ ಕೇಳಿಸಿಕೊಂಡ್ರೆ ನಿಮ್ಮ ಬಾಲ್ಯ ಕಪ್ಪಾಗಿಬಿಡಲ್ಲ."

ಆಮೇಲೆ ಅಮ್ಮನನ್ನು ಒಂದು ಕೆಲಸ ಕೇಳಿದೆ. ಚೀಟಿಗಳನ್ನು ನೋಡಿ ಉಂಡೆಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ ಅಂದೆ. ಇದು ಅವರಿಗೆ ಕೈಬಂದ ಕೆಲಸ, ಚಕಚಕ ಜೋಡಿಸಿದರು. ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಲು ಬಂತು. ಗಂಡನ ಆ ಕಡು ನೀಲಿ ಉಂಡೆ ಸಾಲಿನಲ್ಲಿ ಒಂದು. ಅದರ ಹಿಂದೆ ಮುಂದೆ ಬೇಕಾದಷ್ಟಿದ್ದವು. ಅವುಗಳಲ್ಲಿ ಗಂಡನ ಹೆಸರಿನ ಚೀಟಿ ಇದ್ದವೂ ಇದ್ದವು. "ಇವುಗಳಲ್ಲಿ ಕಣ್ಣಿನಿಂದ ಮಂಕಾದದ್ದು ಯಾವುದು, ಈಗಿನ ದುಃಖದಿಂದ ಮಂಕಾದದ್ದು ಯಾವುದು, ಆವತ್ತೇ ಮಂಕಾಗಿದ್ದದ್ದು ಯಾವುದು?" ಅಂದೆ. ಅವರು ಬಹಳ ಹೊತ್ತು ನೋಡಿ, ಕಡು ನೀಲಿಯನ್ನು ಒಂದು ಬೆರಳಿನಿಂದ ಸಾಲಿನಿಂದ ಸ್ವಲ್ಪ ಕೆಳಗೆ ಎಳೆದರು. "ಆವತ್ತೇ ಆಗಿದ್ದು ಇದೊಂದು." ಇನ್ನೊಂದನ್ನೂ ಎಳೆಯಲು ಹೋಗಿ, "ಇಲ್ಲ, ಇದು ಸುಮ್ನೆ ಸೇರಿಸ್ತಾ ಇದೀನಿ" ಅಂತ ಬಿಟ್ಟರು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಎರಡನೇ ಕಣ್ಣಿನ ಚಿಕಿತ್ಸೆ ಮುಗಿಸಿ, ಇನ್ನೂ ಕೆಲವು ತಿಂಗಳು ಕಳೆಯುವವರೆಗೆ ಪೆಟ್ಟಿಗೆಯ ಬಗ್ಗೆ ಯಾವ ತೀರ್ಮಾನವೂ ಬೇಡ ಅಂದೆ. ಸುಡುವುದು ಬೇಡ, ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವುದೂ ಬೇಡ (ಮಗಳಿಗೆ ಆ ಯೋಚನೆ ಇತ್ತು). "ನಲವತ್ತು ವರ್ಷ" ಅಂತ ಬಾಯಿಗೆ ಬಂದಾಗಲೆಲ್ಲ ನಿಲ್ಲಿಸಿ, ಯಾವ ವರ್ಷ ಅಂತ ಚೀಟಿ ನೋಡಿ ಹೇಳಿ ಅಂದೆ. ಆ ಒಂದು ವರ್ಷದ ಸಿಟ್ಟನ್ನು ಇಲ್ಲಿ ಬಂದು ಪೂರ್ತಿ ಹೇಳಿ, ತೀರಿಹೋದವರು ಅನ್ನುವ ಸಂಕೋಚ ಬೇಡ ಅಂದೆ.

ಈ ಕೊನೆಯ ಮಾತಿಗೆ ಆಕ್ಷೇಪ ಬರುತ್ತದೆ ಅಂತ ಗೊತ್ತು. ಸತ್ತವರ ಮೇಲಿನ ಸಿಟ್ಟನ್ನು ಕೆದಕುವುದೇಕೆ, ಹೇಗೂ ಬಣ್ಣ ವಾಪಸ್ ಬಂತಲ್ಲ, ಸಂತೋಷವಾಗಿ ಇರಲಿ ಬಿಡಿ ಅನ್ನುವವರಿದ್ದಾರೆ. ನನ್ನ ಅನುಭವ ಬೇರೆ. ಒಂದು ವರ್ಷದ ಸಿಟ್ಟಿಗೆ ಜಾಗ ಕೊಡದಿದ್ದರೆ ಅದು ಅಕ್ಕಪಕ್ಕದ ವರ್ಷಗಳಿಗೆ ಹರಡುತ್ತದೆ. ಬಟ್ಟೆ ಒಗೆಯುವಾಗ ಬಣ್ಣ ಬಿಡುವ ಒಂದೇ ಬಟ್ಟೆ ಬಕೆಟ್ಟಿನಲ್ಲಿದ್ದದ್ದನ್ನೆಲ್ಲ ಕೆಡಿಸುತ್ತದಲ್ಲ, ಹಾಗೆ. ಅದನ್ನು ಬೇರೆ ತೆಗೆದು ಒಗೆಯಬೇಕು. ಅಮ್ಮ "ಒಂದು ದಿನಾನೂ ಚೆನ್ನಾಗಿರಲಿಲ್ಲ" ಅಂದಿದ್ದು ಸುಳ್ಳು ಹೇಳಬೇಕು ಅಂತ ಅಲ್ಲ. ಒಂದು ವರ್ಷ ಚೆನ್ನಾಗಿರಲಿಲ್ಲ ಅಂತ ಹೇಳಲು ಅವರಿಗೆ ಯಾರೂ ಅವಕಾಶ ಕೊಟ್ಟಿರಲಿಲ್ಲ.

ಕಣ್ಣಲ್ಲಿ ಪೊರೆ ಇಲ್ಲದವರಿಗೆ ಇದರಿಂದ ಏನು ಅಂತ ಕೇಳಬಹುದು. ನನ್ನ ಬಳಿ ಬರುವ ಹೆಚ್ಚಿನವರು ಅಂಥವರೇ, ಈ ಬರಹ ಮುಖ್ಯವಾಗಿ ಅವರಿಗೇ.

ನೆನಪಿನ ಬಣ್ಣ ಆವತ್ತಿನ ಬಣ್ಣದ ಅಚ್ಚಲ್ಲ. 1960ರಲ್ಲಿ ಬಾರ್ಟಲ್‌ಸನ್ ಎಂಬ ಸಂಶೋಧಕರು ಹುಲ್ಲು, ಆಕಾಶ, ಇಟ್ಟಿಗೆಯಂಥ ಪರಿಚಿತ ವಸ್ತುಗಳ ಬಣ್ಣವನ್ನು ನೆನಪಿನಿಂದ ಆರಿಸಲು ಜನರಿಗೆ ಹೇಳಿದರು. ಸಾಮಾನ್ಯವಾಗಿ ಜನ ಆರಿಸಿದ ಬಣ್ಣ ನಿಜವಾದದ್ದಕ್ಕಿಂತ ಗಾಢವಾಗಿತ್ತು. ನೆನಪು ಹುಲ್ಲಿಗೇ ಒಂದು ಕೈ ಹೆಚ್ಚು ಹಸಿರು ಬಳಿಯುತ್ತದೆ ಅಂದರೆ ಬಾಲ್ಯಕ್ಕೆ ಬಳಿಯದೇ ಇರುತ್ತದೆಯೇ? ಇನ್ನೊಂದು ವಿಷಯ. ನಲವತ್ತು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿ ಅಂದರೆ, 10ರಿಂದ 30 ವರ್ಷದ ನಡುವಿನವು ಉಳಿದ ಕಾಲಕ್ಕಿಂತ ಹೆಚ್ಚು ಬರುತ್ತವೆ. ಇದು ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಮೊದಲ ಕೆಲಸ, ಮೊದಲ ಪ್ರೀತಿ, ಮನೆ ಬಿಟ್ಟು ಹೊರಟದ್ದು, ಎಲ್ಲ ಆ ವಯಸ್ಸಿನಲ್ಲೇ. ಹಾಗಾಗಿ ಆ ಕಾಲ ಬಣ್ಣಬಣ್ಣವಾಗಿ ಕಾಣುತ್ತದೆ. ಆಮೇಲಿನ ವರ್ಷಗಳು ಒಂದರ ಮೇಲೊಂದು ಬಿದ್ದು ಬೂದು ಕಾಣುತ್ತವೆ. ಬೂದು ಅಂದರೆ ಬಹಳ ಸಲ ಕೆಟ್ಟದ್ದು ಅಂತ ಅಲ್ಲ, ಒಂದೇ ಥರ ಇತ್ತು ಅಂತ. ನಲವತ್ತೈದರ ಒಬ್ಬರು ನನ್ನೆದುರು ಕೂತು "ಕಳೆದ ಹತ್ತು ವರ್ಷ ನಾನು ಬದುಕೇ ಇಲ್ಲ" ಅಂದಿದ್ದರು. ಮಾತಾಡಿಸಿದಾಗ ಆ ಹತ್ತು ವರ್ಷದಲ್ಲಿ ಇಬ್ಬರು ಮಕ್ಕಳು ದೊಡ್ಡವರಾಗಿದ್ದರು, ಸಾಲ ತೀರಿತ್ತು. ನಡುವೆ ಒಂದೇ ಒಂದು ಕೆಟ್ಟ ವರ್ಷ ಇತ್ತು. ಅವರು ಆ ಹತ್ತು ವರ್ಷದ ಲೆಕ್ಕ ನೋಡಿ ಹೊರಟಿದ್ದು ಮದುವೆ ಮುರಿಯಲು.

ಇನ್ನು ಖಿನ್ನತೆ ಇದ್ದಾಗಿನ ಕಥೆ. "ಎಲ್ಲ ಬೂದಾಗಿ ಕಾಣ್ತಿದೆ" ಅನ್ನುವುದನ್ನು ಬರೀ ಮಾತಿನ ಅಲಂಕಾರ ಅಂತ ತಳ್ಳಿಹಾಕಬೇಡಿ. ಜರ್ಮನಿಯ ಫ್ರೈಬರ್ಗ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನತೆ ಇದ್ದವರ ರೆಟಿನಾ ಕಪ್ಪು ಬಿಳುಪಿನ ಅಂತರಕ್ಕೆ ಕೊಡುವ ಸ್ಪಂದನೆಯೇ ಕಡಿಮೆ ಇದ್ದದ್ದು ಕಂಡುಬಂದಿತ್ತು. ಅದು ಅಳೆದದ್ದು ಕಾಂಟ್ರಾಸ್ಟ್ ಅನ್ನು, ಬಣ್ಣವನ್ನಲ್ಲ. ಆದರೂ ಈ ದೂರನ್ನು ಗಂಭೀರವಾಗಿ ತಗೊಳ್ಳಲು ನನಗೆ ಅಷ್ಟು ಸಾಕು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ, ಬದುಕು ಸಾಕು ಅನ್ನಿಸುತ್ತಿದೆ ಅಂದರೆ ಬಣ್ಣದ ಪೆನ್ಸಿಲ್ ಹಿಡಿದು ಕೂರಬೇಡಿ. ಮನೋವೈದ್ಯರನ್ನು ಕಾಣಿ. ಅಮ್ಮನ ವಿಷಯದಲ್ಲೂ ಇದನ್ನು ಮೊದಲೇ ವಿಚಾರಿಸಿದ್ದೆ. ಅವರಿಗೆ ಇದ್ದದ್ದು ಶೋಕ, ನಿದ್ದೆ ಊಟ ಸರಿಯಾಗಿತ್ತು. ಮಗಳಿಗೆ ಮರೆವಿನ ಭಯ ಇದ್ದುದರಿಂದ ಅದರ ಪರೀಕ್ಷೆಯನ್ನೂ ಮಾಡಿಸಿದರು. ಮರೆವಿನ ಲಕ್ಷಣ ಕಾಣಲಿಲ್ಲ.

ಬದುಕಿಗೆ ಬಣ್ಣ ಹಚ್ಚಿ ನೋಡುವ ಆಸೆ ಇದ್ದರೆ ಧಾರಾಳವಾಗಿ ಹಚ್ಚಿ. ಒಂದೇ ಷರತ್ತು ಇದೆ. ಇಡೀ ದಶಕಕ್ಕೆ ಒಂದು ಬಣ್ಣ ಬಳಿಯಬೇಡಿ, ಒಂದು ವಸ್ತುವಿನಿಂದ ಶುರು ಮಾಡಿ. ಆ ಕಾಲದ ಕೊಡೆ, ಬಾಗಿಲು, ಚಪ್ಪಲಿ, ಯಾವುದಾದರೂ ಸರಿ. ಅದರ ಬಣ್ಣ ಬರೆಯಿರಿ. ಯಾರ ಕೈಯಲ್ಲಿತ್ತು ಬರೆಯಿರಿ. ಒಂದು ತಿಂಗಳು ಬಿಟ್ಟು, ಹಳೆಯ ಹಾಳೆ ನೋಡದೆ ಮತ್ತೆ ಬರೆಯಿರಿ. ಎರಡರ ನಡುವೆ ಬಣ್ಣ ಬದಲಾಗಿದ್ದರೆ ಬದಲಾಗಿದ್ದು ಈ ತಿಂಗಳು, ಆ ವರ್ಷ ಅಲ್ಲ. ಆ ಸ್ಥಿತಿಯಲ್ಲಿ ಯಾರಿಗೂ ಕಡೆಯ ಪತ್ರ ಬರೆಯಲು ಹೋಗಬೇಡಿ.

ಮನೆಯವರಿಗೂ ಒಂದು ಮಾತಿದೆ. ಯಾರಾದರೂ "ನನ್ನ ಬದುಕೆಲ್ಲ ಕಪ್ಪು" ಅಂದಾಗ ಓಡಿಹೋಗಿ ಹಳದಿ ಪರದೆ ತರಬೇಡಿ. "ಇಲ್ಲ, ನೀನು ಖುಷಿಯಾಗಿದ್ದೆ" ಅಂತ ವಾದ ಮಾಡಬೇಡಿ. ಯಾವಾಗ ಕಪ್ಪಾಗಿತ್ತು ಅಂತ ಕೇಳಿ. ಉತ್ತರ ಕೇಳಿಸಿಕೊಳ್ಳುವಷ್ಟು ಪುರಸೊತ್ತು ಇದ್ದಾಗ ಮಾತ್ರ ಕೇಳಿ.

ಅಮ್ಮನ ಎರಡನೇ ಕಣ್ಣಿಗೂ ಚಿಕಿತ್ಸೆ ಆಯಿತು. ಪೆಟ್ಟಿಗೆ ಈಗ ಅವರ ಹತ್ತಿರವೇ ಇದೆ. ಆಮೇಲೆ ಒಂದು ದಿನ ಮಗಳು ಫೋನ್ ಮಾಡಿದ್ದರು, ಧ್ವನಿಯಲ್ಲಿ ಸುಸ್ತು. "ಮೇಡಂ, ಅಮ್ಮ ಈಗ ಅಪ್ಪನ ಬಗ್ಗೆ ಚೆನ್ನಾಗೂ ಮಾತಾಡ್ತಾರೆ, ನಗ್ತಾರೆ. ಆದ್ರೆ ಆ ಒಂದು ವರ್ಷದ ವಿಷಯ ಬಂದ್ರೆ ಮಾತ್ರ ಈಗಲೂ ಜಗಳ. ಅಪ್ಪನ ಫೋಟೋ ಮುಂದೆ ನಿಂತೇ ಬೈತಾರೆ. ಇದು ಸುಧಾರಣೆನಾ?"

ನನ್ನ ಪ್ರಕಾರ ಹೌದು ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಫೋಟೋ ಎತ್ತಿಡಲೇ ಅಂತ ಕೇಳಿದರು. ಬೇಡ, ಅದನ್ನು ಅಮ್ಮನೇ ನಿರ್ಧರಿಸಲಿ ಅಂದೆ.